ಕುರಿದಡ್ಡಿಯ ವಿಳಾಸ

"ಮೇಡಮ್ಮಾರ, ಇವತ್ತೂ ಕಾಣವಲ್ದ್ರಿ."

ಫೋನಿನ ಆ ತುದಿಯ ಧ್ವನಿ ಕೇಳಿದ ಕೂಡಲೇ ಸವಿತಾಳ ತುಟಿಯಂಚು ತಾನಾಗಿ ಅರಳಿತು. ಎದುರಿನ ಮೇಜಿನಲ್ಲಿದ್ದ ಮಾಲೀಕ ಈರಬಸಪ್ಪ ಚಷ್ಮಾದ ಮೇಲಿಂದ ಒಮ್ಮೆ ನೋಡಿದರು. ಅವಳು ಲಗುಬಗೆಯಿಂದ ಮುಖ ಬಿಗಿದುಕೊಂಡಳು.

"ಏನ್ ಕಾಣವಲ್ದ್ರಿ ಹೊಳೆಯಪ್ಪಾರ?"

"ಮರೀ ರೀ. ದಡ್ಡ್ಯಾಗಿನ ಮರಿ."

ಕಲಘಟಗಿಯ ಬಸ್ ಸ್ಟ್ಯಾಂಡಿನ ಹಿಂದೆ ಈರಬಸಪ್ಪನವರದು ಎರಡು ಕೋಣೆಯ ಆಫೀಸು. ಸುತ್ತಲಿನ ಹಳ್ಳಿಗಳಿಗೆ ಇಂಟರ್‌ನೆಟ್ ಲೈನು ಎಳೆದುಕೊಟ್ಟವರು ಅವರು. ಲೈನು ಕೆಟ್ಟರೆ, ನಿಂತರೆ, ನಿಧಾನವಾದರೆ ಜನ ಬೈಯುವುದು ಮಾತ್ರ ಸವಿತಾಳನ್ನು. ಬೈಗುಳ ಕೇಳಿ ಕೇಳಿ ಅವಳ ಕಿವಿ ದಡ್ಡುಗಟ್ಟಿತ್ತು. ಅಂಥ ಕಿವಿಗೆ ಬಮ್ಮಿಗಟ್ಟಿಯ ಹೊಳೆಯಪ್ಪ ಮೊದಲ ಸಲ ಫೋನು ಮಾಡಿದಾಗ ಹೇಳಿದ್ದು ಇಷ್ಟು: "ಊಟ ಆತೇನ್ರಿ ಮೇಡಮ್ಮಾರ? ಆಗಿದ್ರ ಒಂದ್ ತಕರಾರು ಹೇಳ್ತೀನಿ. ಇಲ್ಲಂದ್ರ ಆಮ್ಯಾಲೆ ಹಚ್ತೀನಿ."

ಅವಳು ಊಟ ಮಾಡಿರಲಿಲ್ಲ. ಆಗಿದೆ ಎಂದಳು.

ಹೊಳೆಯಪ್ಪ ಗೋವಿನಜೋಳದ ಚೀಲ ಹೇರುವ ಸಣ್ಣ ಗಾಡಿ ಓಡಿಸುತ್ತಿದ್ದ. ತಾಯಿ ಕೆಂಚವ್ವ ಕುರಿ ಹೊಡೆದುಕೊಂಡು ಅಡವಿಗೆ ಹೋಗುತ್ತಿದ್ದಳು. ಹೊಸದಾಗಿ ಹುಟ್ಟಿದ ಮರಿಗಳು ಹಿಂಡಿನ ಜೊತೆ ನಡೆಯಲಾರವು. ಅವು ಹಗಲೆಲ್ಲ ಮನೆಯ ಬಾಜಿನ ದಡ್ಡಿಯಲ್ಲಿ, ಮುಳ್ಳುಬೇಲಿಯೊಳಗೆ ಉಳಿಯುತ್ತಿದ್ದವು. ಊರ ನಾಯಿಗಳಿಗೆ ಅದು ಗೊತ್ತಾಗಿಬಿಟ್ಟಿತ್ತು.

ಹುಬ್ಬಳ್ಳಿಯಲ್ಲಿ ಅಂಗಡಿಯೊಂದು ಮುಚ್ಚುವಾಗ ಸಿಕ್ಕ ಹಳೆಯ ಕ್ಯಾಮೆರಾ ತಂದು ಅವನು ದಡ್ಡಿಯ ಕಂಬಕ್ಕೆ ಕಟ್ಟಿದ್ದ. ಅದರ ಆ್ಯಪ್ ಯಾವಾಗಲೋ ನಿಂತುಹೋಗಿತ್ತು. ಮನೆಯಲ್ಲಿದ್ದರೆ ಫೋನಿನಲ್ಲಿ ಚಿತ್ರ ಬರುತ್ತಿತ್ತು. ಗಾಡಿ ಊರು ದಾಟಿತೋ, ಇಲ್ಲ. ದೂರದಿಂದಲೂ ಕಂಡರೆ ಬಾಜು ಮನೆಯ ರಾಜಮಾಬಿಗೆ ಫೋನು ಹಚ್ಚಿ ನಾಯಿ ಓಡಿಸಲು ಹೇಳಬಹುದಿತ್ತು.

"ಹಳೇ ನಮೂನಿ ಇಂಟರ್‌ನೆಟ್ ವಿಳಾಸ ಊರಿಗೆಲ್ಲಾ ಕೂಡಿ ಒಂದ ಐತ್ರಿ," ಎಂದು ಸವಿತಾ ತಿಳಿಸಿ ಹೇಳಿದ್ದಳು. "ಹೊರಗಿಂದ ಹುಡುಕ್ಕೊಂಡು ಬಂದ್ರ ಯಾರ ಮನಿ ಅಂತ ತಿಳ್ಯಂಗಿಲ್ಲ. ಹೊಸಾದು ಐಪಿ ವಿ ಸಿಕ್ಸ್ ಅಂತ ಬಂದೈತಿ. ಅದ್ರಾಗ ಮನ್ಯಾಗಿನ ಒಂದೊಂದ್ ಸಾಮಾನಿಗೂ ಬ್ಯಾರೆ ಬ್ಯಾರೆ ವಿಳಾಸ. ನಿಮ್ಮ ಕ್ಯಾಮೆರಾಕ್ಕೂ ಒಂದು."

"ನನ್ನ ರೂಟರ್ ಅಗದಿ ಸಸ್ತಾದೈತ್ರಿ. ಅದಕ್ಕ ಇದೆಲ್ಲಾ ತಿಳಿತೈತೇನ್ರಿ?"

"ತಿಳಿತೈತಿ. ಒಳಗ ಇರ್ತೈತಿ, ಆದ್ರ ಬಂದ್ ಇಟ್ಟಿರ್ತಾರ. ನಾವ ಚಾಲೂ ಮಾಡ್ಬೇಕು."

ಅವತ್ತಿನಿಂದ ಪಾಠ ಶುರುವಾಗಿತ್ತು. ಅವನು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ರೂಟರಿನ ಪುಟ ತೆರೆದುಕೊಂಡು ಕೂಡುತ್ತಿದ್ದ. ಇವಳು ಇಲ್ಲಿಂದ ದಾರಿ ಹೇಳುತ್ತಿದ್ದಳು.

"ಅಡ್ವಾನ್ಸ್ಡ್ ಅಂತ ಐತಲ್ರಿ, ಅದನ್ನ ಒತ್ರಿ. ಏನ್ ಬಂತು?"

"ಒಂದ್ ಗಾಲಿ ತಿರಗಾಕ ಹತ್ತೇತ್ರಿ."

"ತಿರಗ್ಲಿ, ಸ್ವಲ್ಪ ತಡೀರಿ."

"ನಾನೂ ಗಾಲಿ ತಿರಗ್ಸಾಂವನ ರೀ. ನನಗೇನ್ ಅವಸರಿಲ್ಲ."

ಸವಿತಾ ನಕ್ಕುಬಿಟ್ಟಳು. ಆ ಕುರ್ಚಿಯಲ್ಲಿ ಕೂತು ಅವಳು ಹಾಗೆ ನಕ್ಕದ್ದು ಅದೇ ಮೊದಲು.

ಎರಡನೆಯ ಪಾಠದಲ್ಲೇ ಅವಳ ಕಂಪ್ಯೂಟರಿನಲ್ಲಿ ಹೊಳೆಯಪ್ಪನ ಹೆಸರಿನ ಮುಂದೆ ಹೊಸ ವಿಳಾಸ ಬಂದು ಕೂತಿತು. ಉದ್ದನೆಯ, ಅಂಕಿಯೂ ಅಕ್ಷರವೂ ಬೆರೆತ ವಿಳಾಸ. ಕೆಲಸ ಆಯಿತು ಎಂದುಕೊಂಡಳು. ಎದೆಯಲ್ಲಿ ಏನೋ ಸಣ್ಣಗೆ ಮುರಿದಂತಾಯಿತು. ಇನ್ನು ಅವನೇಕೆ ಫೋನು ಮಾಡುತ್ತಾನೆ?

ಆದರೆ ಮರುದಿನವೂ ಫೋನು ಬಂತು. "ಕಾಣವಲ್ದ್ರಿ." ಅದರ ಮರುದಿನವೂ.

ಆಗ ಅವಳಿಗೆ ಹೊಳೆಯಿತು. ಇವನಿಗೆ ಎಲ್ಲ ಕಾಣುತ್ತಿದೆ. ಸುಮ್ಮನೆ ಮಾತಿಗೆ ನೆಪ ಮಾಡುತ್ತಿದ್ದಾನೆ! ಹಾಗೆ ಅಂದುಕೊಂಡದ್ದೇ ತಡ, ಮೈತುಂಬ ಒಂದು ಬಗೆಯ ಬಿಸುಪು ಹರಿಯಿತು. ಸುಳ್ಳುಗಾರ ಎಂದು ಬೈದುಕೊಂಡಳು. ಬೈಯುತ್ತಲೇ ನಾಳೆಯ ಮಧ್ಯಾಹ್ನಕ್ಕೆ ಕಾದಳು.

ಅಂದಿನಿಂದ ಅವಳು ಕೂತಲ್ಲಿ ಕೂತವಳಲ್ಲ, ನಿಂತಲ್ಲಿ ನಿಂತವಳಲ್ಲ. ತಂದಿಟ್ಟ ಚಹಾ ಕೆನೆಗಟ್ಟುತ್ತಿತ್ತು. ಬೇರೆ ಯಾರದೋ ಫೋನು ಬಂದರೆ ಎದೆ ಧಸಕ್ಕೆಂದು ಆಮೇಲೆ ಸಪ್ಪಗಾಗುತ್ತಿತ್ತು. ಒಮ್ಮೆ ಪಕ್ಕದೂರಿನ ಮುದುಕರೊಬ್ಬರಿಗೆ, "ಹೇಳ್ರಿ ಹೊಳೆಯಪ್ಪಾರ" ಅಂದಳು. "ನಾ ಅಬ್ದುಲ್‌ಸಾಬ ಅದೀನಿ ಬೇಟಾ" ಎಂದು ಅವರು ಗೊಂದಲಗೊಂಡರು. ಅವನ ಮಾತಿನ ಹಿಂದೆ ಕೇಳುವ ಕುರಿಯ ಕೂಗು, ಗಾಡಿಯ ಬಾಗಿಲು ಬಡಿದ ಸದ್ದು ಕೂಡ ಅವಳಿಗೆ ಗುರುತಾಗಿಬಿಟ್ಟಿದ್ದವು. ಅವನ ಮುಖವೊಂದು ಗೊತ್ತಿರಲಿಲ್ಲ.

ಇವತ್ತಿನ ಫೋನಿನ ನಡುವೆ ಈರಬಸಪ್ಪ ಹೊರಗೆದ್ದು ಹೋದದ್ದೇ ಅವಳಿಗೆ ಧೈರ್ಯ ಬಂತು.

"ಹೊಳೆಯಪ್ಪಾರ, ಒಂದ್ ಮಾತು ಕೇಳ್ಲೇನ್ರಿ?"

"ಕೇಳ್ರಿ."

"ನಿಮಗ ವಿಳಾಸ ಸಿಕ್ಕಿದ್ದು ನನಗ ಇಲ್ಲಿಂದ ಅಗದಿ ಚಂದಂಗ ಕಾಣಸ್ತೈತಿ. ಮತ್ತ ದಿನಾ ಫೋನ್ ಹಚ್ಚೂದು ಕ್ಯಾಮೆರಾದ ಸಲುವಾಗೋ, ಬ್ಯಾರೆ ಏನರ ಐತೋ?"

 ನಗುತ್ತಾನೆಂದು ಅವಳು ಕಿವಿಯೊತ್ತಿ ಕಾದಳು.

"ನಾ ಸುಳ್ಳ ಹೇಳಾಕ ಹತ್ತೀನಿ ಅಂತೀರೇನ್ರಿ?" ಧ್ವನಿ ತಗ್ಗಿತ್ತು. "ಖರೇನ ಕಾಣವಲ್ದ್ರಿ. ಇರ್ಲಿ ಬಿಡ್ರಿ."

ಫೋನು ಕಟ್ಟಾಯಿತು.

ಮರುದಿನ ಅವನು ಮಾಡಲಿಲ್ಲ. ಅದರ ಮರುದಿನವೂ ಇಲ್ಲ. ಸವಿತಾ ಫೋನಿನ ರಿಂಗು ಸರಿಯಿದೆಯೋ ಎಂದು ತನ್ನ ಮೊಬೈಲಿನಿಂದ ಹಚ್ಚಿ ನೋಡಿದಳು. ತಾನೇ ಮಾಡಬೇಕೆಂದು ನಂಬರು ಒತ್ತಿ, ಕೊನೆಯ ಅಂಕಿಗೆ ಬೆರಳು ತೆಗೆದಳು. ಏನೆಂದು ಮಾತಾಡುವುದು? ಹಾಸಿಗೆಯಲ್ಲೂ ಆ ಪ್ರಶ್ನೆಯೇ ಮಗ್ಗುಲು ಬದಲಿಸುತ್ತಿತ್ತು.

ಕೊನೆಗೆ ಒಂದು ಬೆಳಿಗ್ಗೆ ಫೋನು ಬಂತು. ಊಟ ಆಯಿತೇ ಎಂದು ಅವನು ಕೇಳಲಿಲ್ಲ.

"ನಮ್ಮ ಲೈನ್ ತಗದಬಿಡ್ರಿ."

"ಯಾಕ್ರಿ? ಏನಾತು?"

"ನಿನ್ನೆ ನಾಯಿ ದಡ್ಡಿ ಹೊಕ್ಕಿದ್ವು. ಎರಡು ಮರಿ ಕೊಂದಾವ್ರಿ. ಇನ್ನ ಏನ್ ನೋಡೂದೈತಿ?"

ಕೈಯಲ್ಲಿದ್ದ ಫೋನನ್ನು ಸವಿತಾ ಕೆಳಗಿಡುವುದನ್ನೂ ಮರೆತಳು. ಕಂಪ್ಯೂಟರಿನಲ್ಲಿ ಅವನ ಹೆಸರು ತೆರೆದಳು. ವಿಳಾಸ ಅಲ್ಲೇ ಇತ್ತು. ಅದು ರೂಟರಿನ ವಿಳಾಸ. ಅದರ ಬಲಕ್ಕೆ ಇನ್ನೊಂದು ಕಾಲಮ್ಮು: ಮನೆಯೊಳಗಿನ ಸಾಮಾನುಗಳಿಗೆ ಹಂಚಲು ಕೊಡುವ ವಿಳಾಸಗಳದು. ಅದು ಖಾಲಿ ಇತ್ತು. ರೂಟರಿಗೆ ತಲುಪಿದ್ದು ಕ್ಯಾಮೆರಾಕ್ಕೆ ತಲುಪಿರಲೇ ಇಲ್ಲ. ಅವನು ಹೇಳಿದ್ದೆಲ್ಲ ನಿಜ.

ದಿನಕ್ಕೆ ನೂರು ಸಲ ನೋಡುವ ಕಾಲಮ್ಮು. ಆ ಒಂದು ಹೆಸರಿನ ಮುಂದೆ ಮಾತ್ರ ಅವಳು ನೋಡಿರಲಿಲ್ಲ. ನೋಡಲು ಮನಸ್ಸಾಗಿರಲಿಲ್ಲ.

"ಕಾಕಾ, ನಾ ಬಮ್ಮಿಗಟ್ಟಿಗೆ ಹೋಗಿ ಬರ್ತೀನಿ," ಎಂದು ಎದ್ದಳು.

"ಲೈನ್‌ಮನ್ ಶಿವಾಜಿನ್ನ ಕಳಸೂಣು ತಗೋ," ಎಂದರು ಈರಬಸಪ್ಪ.

"ತಪ್ಪು ನಂದೈತ್ರಿ. ನಾನ ಹೋಗ್ಬೇಕು."

ಅವರು ಅವಳ ಮುಖ ನೋಡಿದರು. "ಬಸ್ ಹೊರಗ ನಿಂತೈತಿ ನೋಡು, ಓಡು," ಎಂದರು.

ದಾರಿಯುದ್ದಕ್ಕೂ ರಸ್ತೆಯ ಅರ್ಧಕ್ಕೆ ಗೋವಿನಜೋಳ ಒಣಹಾಕಿದ್ದರು. ಬಸ್ಸು ಪ್ರತಿ ರಾಶಿಯನ್ನೂ ಬಳಸಿ ಬಳಸಿ ನಡೆಯುತ್ತಿತ್ತು. ಸವಿತಾ ಸೀಟಿನ ತುದಿಯಲ್ಲಿ ಕೂತು ಸೆರಗಿನ ಚುಂಗು ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

ದಡ್ಡಿಯ ಬೇಲಿಗೆ ಜಾಲಿಮುಳ್ಳು ತುಂಬುತ್ತಿದ್ದ ಹೆಂಗಸು ತಲೆಯೆತ್ತಿದಳು. "ಯಾರವ್ವಾ ನೀ?"

"ಇಂಟರ್‌ನೆಟ್ ಆಫೀಸ್‌ನಾಕಿ ಯವ್ವಾ. ಸವಿತಾ ಅಂತ."

ಕೆಂಚವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಓ, ಆ ಫೋನಿನಾಕಿ ನೀನ ಏನು?" ಎಂದು ಒಳಗೆ ಕೂಗಿದಳು, "ಲೇ ಹೊಳ್ಯಾ, ಬಾ ಇಲ್ಲೆ!"

ಬಂದವನು ಸವಿತಾ ಎಣಿಸಿದವನಲ್ಲ. ಆ ತುಂಬಿದ ದನಿಗೆ ಅವಳು ಗಟ್ಟಿ ಆಳನ್ನು ಕಲ್ಪಿಸಿಕೊಂಡಿದ್ದಳು. ಇವನು ಸಣಕಲ, ಕಿವಿ ಸ್ವಲ್ಪ ಹೊರಚಾಚಿದ್ದವು, ಕಣ್ಣರೆಪ್ಪೆಯ ಮೇಲೆ ಗೋವಿನಜೋಳದ ದೂಳು. ಆ ರೆಪ್ಪೆ ಮೇಲೇಳಲೇ ಇಲ್ಲ. ಬಗಲಲ್ಲಿ ಗಾಯಕ್ಕೆ ಅರಿಶಿನ ಹಚ್ಚಿ ಬಟ್ಟೆ ಸುತ್ತಿದ ಮರಿಯೊಂದಿತ್ತು.

"ರೂಟರ್ ಎಲ್ಲೈತ್ರಿ?" ಎಂದಳು. 

ಪಡಸಾಲೆಯ ಮೊಳೆಗೆ ತೂಗುಬಿಟ್ಟಿದ್ದ ರೂಟರಿನ ಕೆಳಗೆ ಕೂತು ಅವಳು ಅವನ ಫೋನಿನಲ್ಲಿ ಪುಟ ತೆರೆದಳು. ಒಳಗಿನ ಸಾಮಾನುಗಳಿಗೂ ವಿಳಾಸ ಕೇಳಿ ತರಿಸುವ ಒಂದು ಸಣ್ಣ ಚೌಕ. ಅದಕ್ಕೆ ಟಿಕ್ಕು ಬಿದ್ದಿರಲಿಲ್ಲ. ಹಾಕಿದಳು. ರೂಟರನ್ನು ಆರಿಸಿ ಹಚ್ಚಿದಳು. ಹಸಿರು ದೀಪ ಮಿಣುಕಿ ನಿಲ್ಲುವವರೆಗೆ ಇಬ್ಬರೂ ಅದನ್ನೇ ನೋಡುತ್ತಿದ್ದರು. ಕ್ಯಾಮೆರಾಕ್ಕೆ ತನ್ನದೇ ವಿಳಾಸ ಬಂತು. ಹೊರಗಿನಿಂದ ಬರುವ ದಾರಿಯನ್ನು ಅದೊಂದಕ್ಕೆ ಮಾತ್ರ ತೆರೆದು, ಪಾಸ್‌ವರ್ಡು ಬದಲಿಸಲು ಹೇಳಿ ಮುಖ ಆಚೆ ತಿರುಗಿಸಿದಳು. ಅವನು ಏನೋ ಒತ್ತಿದ.

"ವೈಫೈ ಬಂದ್ ಮಾಡಿ, ಊರ ಹೊರಗ ಹೋಗಿ ನೋಡ್ರಿ. ಮರಿ ಇಲ್ಲಿ ಕೊಡ್ರಿ."

ಮರಿ ಕೈ ಬದಲಾಗುವಾಗ ಅವನ ಬೆರಳು ಅವಳ ಮಣಿಕಟ್ಟಿಗೆ ತಾಗಿತು. ಅವನು ತಿರುಗಿ ನೋಡದೆ ಹೋದ.

ಸವಿತಾ ಮರಿಯನ್ನೆತ್ತಿಕೊಂಡು ಕ್ಯಾಮೆರಾದ ಮುಂದೆ ನಿಂತಳು. ಬಹಳ ಹೊತ್ತು ಕಳೆದಂತಾಯಿತು. ಆಮೇಲೆ ಅವಳ ಮೊಬೈಲು ಮೊಳಗಿತು. ಹೊರಡುವ ಮುಂಚೆ ಕೆಂಚವ್ವನ ಮೂಲಕ ಅವಳ ನಂಬರು ಕೇಳಿಸಿಕೊಂಡಿದ್ದ. ಆ ಗಡಿಬಿಡಿಯಲ್ಲಿ ಅದನ್ನು ಹೇಳಿದ್ದು ಸವಿತಾಳಿಗೇ ನೆನಪಿರಲಿಲ್ಲ.

"ಕಾಣಾಕ ಹತ್ತೇತ್ರಿ."

"ಏನ್ ಕಾಣಾಕ ಹತ್ತೇತಿ?"

"ಮರಿ. ಮರಿ ಎತ್ತಿಕೊಂಡ ನೀವು."

"ಹಂಗಾದ್ರ ಕೆಲಸ ಆತು. ಬರ್ರಿ."

"ಸ್ವಲ್ಪ ತಡೀರಿ. ಎದುರಿಗೆ ಇದ್ದಾಗ ನೋಡಾಕ ಆಗ್ಲಿಲ್ಲ."

ಅವಳ ಕೆನ್ನೆ ಸುಟ್ಟಿತು. ಆದರೂ ಮುಖ ಮರೆಮಾಡಲಿಲ್ಲ. ಕಂಬದ ಮೇಲಿನ ಆ ಕರಿಯ ಗಾಜನ್ನೇ ನೆಟ್ಟು ನೋಡಿ ಹೇಳಿದಳು: "ಹೊಳೆಯಪ್ಪಾರ, ನೀವು ಸುಳ್ಳ ಹೇಳ್ತೀರಿ ಅಂತ ನಾ ತಿಳ್ಕೊಂಡೆ. ಸರಿಯಾಗಿ ನೋಡಿದ್ರ ಅವತ್ತ ಗೊತ್ತಾಗ್ತಿತ್ತು, ಮರಿ ಉಳೀತಿದ್ವು. ಯಾಕ ನೋಡ್ಲಿಲ್ಲ ಅಂದ್ರ... ನೀವು ಸುಳ್ಳ ಹೇಳಿ ಫೋನ್ ಹಚ್ಚಲಿ ಅಂತ ನನಗ ಆಸೆ ಇತ್ತು."

 ಬಗಲಿನ ಮರಿ ಬ್ಯಾ ಎಂದಿತು.

"ಕಾಣದ್ದು ಖರೇನ ಇತ್ರಿ," ಎಂದ ಹೊಳೆಯಪ್ಪ. "ಆದ್ರ ದಿನಾ ಹಚ್ಚಾಕ ಅದೊಂದ ಕಾರಣ ಇರಲಿಲ್ಲ. ನೀವು ಕೇಳಿದಾಗ ಸಿಟ್ಟ ಬಂದದ್ದೂ ಅದಕ್ಕ. ನನ್ನ ಅರ್ಧ ಕಳ್ಳತನ ನಿಮ್ಮ ಕೈಗೆ ಸಿಕ್ಕಿತ್ತು."

ಅಳುವ ಹೊತ್ತಿನಲ್ಲಿ ಸವಿತಾಗೆ ನಗು ಬಂತು. ಬೇಲಿಯ ಹತ್ತಿರ ಕೈ ನಿಲ್ಲಿಸಿ ಕೇಳುತ್ತಿದ್ದ ಕೆಂಚವ್ವ ಸೀದಾ ಬಂದಳು.

"ಯವ್ವಾ, ನಿಮ್ಮ ಮನ್ಯಾಗ ಯಾರ್ನ ಕೇಳ್ಬೇಕು?"

"ನಮ್ಮವ್ವನ್ನ," ಎಂದಳು ಸವಿತಾ. ಆಮೇಲೆ ತಲೆಯೆತ್ತಿ, "ಆದ್ರ ಮೊದ್ಲ ನನ್ನ ಕೇಳ್ಬೇಕು," ಎಂದಳು.

ಕೆಂಚವ್ವ ಅವಳ ಕೈಯ ಫೋನಿಗೇ ಬಾಯಿ ಹಚ್ಚಿ ಕೂಗಿದಳು: "ಕೇಳಿದ್ಯಾ? ಅಲ್ಲಿ ನಿಂತು ಏನ್ ಮಾಡ್ತೀಲೇ, ಇಲ್ಲಿ ಬಂದು ಕೇಳು!"

ಅವನು ಓಡಿಯೇ ಬಂದ. ಬಂದು ಎದುರು ನಿಂತ. ಈ ಸಲ ರೆಪ್ಪೆಗಳು ಮೇಲೆದ್ದಿದ್ದವು. ಆ ಕಣ್ಣುಗಳಲ್ಲಿ ಫೋನಿನ ನಗುವೆಲ್ಲ ಇತ್ತು.

"ನನ್ನ ಮದುವಿ ಆಗ್ತೀರೇನ್ರಿ?"

"ಆಫೀಸ್ ಬಿಡಂಗಿಲ್ಲ ನಾನು."

"ಯಾಕ ಬಿಡ್ತೀರಿ? ನನ್ನ ಗಾಡಿ ದಿನಾ ಕಲಘಟಗಿಗೇ ಬರ್ತೈತಿ."

"ಮತ್ತ ನನಗ ರೀ ಹಚ್ಚಿ ಮಾತಾಡೂದು ಬಿಡ್ಬೇಕು."

"ಆತ್ರಿ."

ಕೆಂಚವ್ವ ಹಣೆ ಬಡಿದುಕೊಂಡಳು. ಸವಿತಾ ಮರಿಯ ತಲೆಯ ಮೇಲೆ ಮುಖವಿಟ್ಟು, ಅವನಿಗೆ ಮಾತ್ರ ಕೇಳುವಷ್ಟು ಸಣ್ಣಗೆ "ಹೂಂ" ಎಂದಳು.

ಊರ ಮುಂದೆ ಬಸ್ಸು ಹಾರ್ನು ಹೊಡೆಯಿತು. ಇನ್ನೊಮ್ಮೆ ಹೊಡೆಯಿತು. ಇಬ್ಬರೂ ನಿಂತಲ್ಲಿಂದ ಅಲ್ಲಾಡಲಿಲ್ಲ.