ಹೊಕ್ಕುಳಬಾಗಿಲ ಧೂಪ

ಬಹಳ ಬಹಳ ಹಿಂದೆ, ಆಗತಾನೇ ಹುಟ್ಟಿದ ಕೂಸೊಂದರ ಮೈಯೊಳಗೆ ಒಂದು ರಾಜ್ಯವಿತ್ತು. ಅಲ್ಲಿ ಕೆಂಪು ನದಿ ಹರಿಯುತ್ತಿತ್ತು. ಬಿಳಿಯಂಗಿಯ ಕಾವಲುಗಾರರು ಅದರಲ್ಲಿ ತೇಲುತ್ತ ಗಸ್ತು ತಿರುಗುತ್ತಿದ್ದರು. ಎಲ್ಲಾದರೂ ಹಗೆ ನುಗ್ಗಿದರೆ ಅಲ್ಲಿಯವರು ಧೂಪ ಹಾಕಬೇಕು, ಕಾವಲುಗಾರರು ಆ ವಾಸನೆ ಹಿಡಿದು ಓಡಬೇಕು. ಆದರೆ ಮಂತ್ರಿ ಶಾಂತಯ್ಯನದೊಂದು ಕಟ್ಟಳೆಯಿತ್ತು: ಚಿಟಿಕೆಗಿಂತ ಹೆಚ್ಚು ಧೂಪ ಹಾಕಕೂಡದು. ಕೂಸು ಹೊಟ್ಟೆಯಲ್ಲಿದ್ದಾಗ ಅದು ಸರಿಯೇ. ಹೊಗೆ ಹೆಚ್ಚಾದರೆ ತಾಯಿಯ ರಾಜ್ಯದ ಮೇಲೇ ಯುದ್ಧವಾದೀತು. ಈಗ ಕೂಸು ಹೊರಗೆ ಬಂದಿತ್ತು. ಕಟ್ಟಳೆ ಮಾತ್ರ ಕೂತಲ್ಲೇ ಕೂತಿತ್ತು.

ಕೀವಾಸುರನೆಂಬ ಮಾಯಾವಿ ಹೊಕ್ಕುಳಬಾಗಿಲಿನಿಂದ ನುಗ್ಗಿದ. ಅವನು ಮುಟ್ಟಿದ ಮನೆ ಕರಗಿ ಕೆಸರಾಗುತ್ತಿತ್ತು. ಬಾಗಿಲು ಕಾಯುವ ತುಂಬವ್ವ ಚಿಟಿಕೆ ಧೂಪ ಹಾಕಿದಳು. ಯಾರೂ ಬರಲಿಲ್ಲ.

ಎಳೆಯ ಕಾವಲುಗಾರ ಬೆಳ್ಳಿಗನಿಗೆ ಮಾತ್ರ ವಾಸನೆ ತುಸು ಬಡಿಯಿತು. ಮಂತ್ರಿಯ ಬಳಿ ಹೋದ.

“ಸ್ವಾಮಿ, ಹೊಕ್ಕುಳಕೇರಿ ಕರಗಿ ಹೋಗ್ತಾ ಇದೆ. ಹೊಗೆ ಸಾಲದು.”

“ಹೊಗೆ ಹೆಚ್ಚಾದರೆ ಗಲಾಟೆ. ನಮ್ಮದು ಶಾಂತ ರಾಜ್ಯ.”

“ಸುಡುಗಾಡೂ ಶಾಂತವಾಗೇ ಇರುತ್ತೆ ಸ್ವಾಮಿ,” ಎಂದು ಬೆಳ್ಳಿಗ ಹೊಕ್ಕುಳಕೇರಿ ಸೇರಲು ನದಿಗೆ ಹಾರಿದ.

ಮೊದಲ ಗಂಡಾಂತರ ನದಿಯ ಸೆಳೆತ. ದಂಡೆ ಹಿಡಿಯಹೋದರೆ ಕೈ ಜಾರಿತು. “ಅವ್ವಾ, ಒಂದು ಹಿಡಿ ಧೂಪ ಹಾಕು,” ಎಂದು ಕೂಗಿದ.

“ಕಟ್ಟಳೆ ಮುರಿದರೆ ನನ್ನ ತಲೆ ಹೋಗುತ್ತೆ ಮಗಾ,” ಎಂದಳು ತುಂಬವ್ವ ಗೋಡೆಯಾಚೆಯಿಂದ.

“ಮುರೀದಿದ್ರೆ ಕೂಸೇ ಹೋಗುತ್ತೆ. ಆಮೇಲೆ ಆ ತಲೆ ಎಲ್ಲಿಟ್ಕೋತೀಯ?”

ತುಂಬವ್ವ ಹಿಡಿ ತುಂಬ ಹಾಕಿದಳು. ಹೊಗೆ ತಾಗಿದ ದಂಡೆಯಲ್ಲಿ ಕೊಕ್ಕೆಗಳು ಮೂಡಿದವು. ಬೆಳ್ಳಿಗ ಹಿಡಿದು ನಿಂತ.

ಎರಡನೆಯದು ನದಿಗೂ ಕೇರಿಗೂ ನಡುವಿನ ಗೋಡೆ. ಇರುವೆ ನುಸುಳುವಷ್ಟು ಬಿರುಕು, ಅವನ ಮೈಯೋ ಬಿಗಿ. ಇನ್ನೊಂದು ಹಿಡಿ ಬಿತ್ತು. ಹೊಗೆ ಕುಡಿದ ಮೈ ನಾದಿದ ಹಿಟ್ಟಿನಂತೆ ಮೆತ್ತಗಾಯಿತು. ನುಸುಳಿದ.

ಮೂರನೆಯದು ಕತ್ತಲ ಕೇರಿ. ಕೀವಾಸುರ ಅಲ್ಲಲ್ಲಿ ಸುಳ್ಳು ಧೂಪ ಹಚ್ಚಿದ್ದ. ಬೆಳ್ಳಿಗ ಸುತ್ತಿ ಸುತ್ತಿ ಸೋತ. ಆಗ ತುಂಬವ್ವ ಧೂಪದ ಕುಡಿಕೆಯನ್ನೇ ಕೆಂಡಕ್ಕೆ ಸುರಿದಳು. ವಾಸನೆ ದಟ್ಟವಾದ ಕಡೆಗೆ ಬೆಳ್ಳಿಗ ನಡೆದ, ತೆಳುವಾದರೆ ತಿರುಗಿದ. ಹಿಂದೆ ನೋಡಿದರೆ ಬಿಳಿಯಂಗಿಯ ದಂಡೇ ಗೋಡೆ ನುಸುಳಿ ಬರುತ್ತಿತ್ತು.

“ಹಾಲುಗಲ್ಲದ ಹುಡುಗರು,” ಎಂದು ಕೀವಾಸುರ ನಕ್ಕ.

“ಹೌದು. ಹಸಿವು ಜಾಸ್ತಿ,” ಎಂದ ಬೆಳ್ಳಿಗ.

ದಂಡು ಕೀವಾಸುರನನ್ನು ಚೂರುಚೂರಾಗಿ ನುಂಗಿತು. ತುಂಬವ್ವ ಕೂಡಲೇ ಕೆಂಡಕ್ಕೆ ನೀರು ಸುರಿದಳು. ಇಲ್ಲದಿದ್ದರೆ ಹೊಗೆಯ ಮತ್ತಿನಲ್ಲಿ ಹುಡುಗರು ಸ್ವಂತ ಕೇರಿಯನ್ನೂ ನುಂಗದೆ ಬಿಡುತ್ತಿರಲಿಲ್ಲ.

ಮಂತ್ರಿ ಕತ್ತಿ ಹಿಡಿದು ಬಂದ. ಕೇರಿಯ ಜನವೆಲ್ಲ ತುಂಬವ್ವನ ಮುಂದೆ ಗೋಡೆಯಾಗಿ ನಿಂತರು. ಕತ್ತಿ ಕೆಳಗಿಳಿಯಿತು, ಕಟ್ಟಳೆಯೂ ಬಿತ್ತು. ಎಷ್ಟು ಧೂಪ ಬೇಕೆಂದು ಇನ್ನು ಮುಂದೆ ಹಗೆಯನ್ನು ಕಂಡವರೇ ಹೇಳುವುದೆಂದಾಯಿತು. ಕರಗಿದ ಮನೆಗಳು ಎದ್ದವು, ಒಳಗಿನವರೆಲ್ಲ ಸುಖವಾಗಿ ಬಾಳಿದರು.

ಹೊರಗೆ, ಜ್ವರ ಇಳಿದ ಕೂಸು ಊರಿಗೆಲ್ಲ ಕೇಳುವಂತೆ ಅತ್ತಿತು. ತಾಯಿ ನಕ್ಕು ಎದೆಗೆ ಹಾಕಿಕೊಂಡಳು.