ಮುಖವಿಲ್ಲದ ಹೆಂಗಸರು

"ಖಾಲಿ ಲಕೋಟೆಗೆ ಇಷ್ಟೊಂದು ಸ್ಟಾಂಪು ಯಾರು ಹಚ್ತಾರೆ?"

ರೆಜೀನ್ ಕೇಳಿದ್ದು ಯಾರನ್ನೂ ಅಲ್ಲ. ಕೋಣೆಯಲ್ಲಿ ಇದ್ದದ್ದು ಅವಳು ಕ್ಯಾನ್ವಾಸಿನ ಮೇಲೆ ಬರೆದ ಹೆಂಗಸರು ಮಾತ್ರ. ಒಬ್ಬಳಿಗೂ ಮುಖವಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಪೊಲೀಸ್ ಸಾರ್ಜೆಂಟ್ ಹಸ್ದಾಯ್ ಒಳಗೆ ಬಂದು ಲಕೋಟೆ ಎತ್ತಿ ನೋಡಿದ.

ನಾಲ್ಕು ವರ್ಷದವಳಿದ್ದಾಗ ರೆಜೀನಳನ್ನು ಬೆಲ್ಜಿಯಂನ ರೈತನೊಬ್ಬ ತನ್ನ ಮಗಳೆಂದು ಹೇಳಿ ನಾಜಿಗಳ ಕಣ್ಣು ತಪ್ಪಿಸಿ ಬಚ್ಚಿಟ್ಟಿದ್ದ. ಪಕ್ಕದ ಹಳ್ಳಿಯಲ್ಲಿ ಅಡಗಿದ್ದ ತಾಯಿ ಅಲ್ಲೇ ತೀರಿಕೊಂಡಳು. ಆ ಮುಖ ಇವಳಿಗೆ ನೆನಪಿಲ್ಲ. ಮೂವತ್ತೊಂದು ವರ್ಷದ ಮೇಲೆ ರೈತನ ಮಗಳ ತಂತಿ ಬಂದಿತ್ತು: ತಾಯಿಯ ಫೋಟೊ ಸಿಕ್ಕಿದೆ, ಕಾಗದದ ಜೊತೆ ಕಳಿಸಿದ್ದೇನೆ. ಇದ್ದದ್ದು ಅದೊಂದೇ ಫೋಟೊ.

"ಬೆಳಿಗ್ಗೆ ಅಂಚೆಯವನು ಬಾಗಿಲಡಿ ತೂರಿಸಿದಾಗ ಲಕೋಟೆ ದಪ್ಪ ಇತ್ತಂತೆ. ಬೀಗ ಮುರಿದಿಲ್ಲ. ಕೀಲಿ ಯಾರ ಹತ್ರ ಇದೆ?" ಹಸ್ದಾಯ್ ಕೇಳಿದ.

"ನನ್ನ ಹತ್ರ. ಚಿತ್ರ ಮಾರೋ ಫಾಲ್ಕ್ ಹತ್ರ. ಕೆಳಗಿನ ಮನೇಲಿರೋ ಸುಲ್ತಾನಾ ಹತ್ರ."

* * *

"ಅವಳಿಗೆ ತಾಯಿ ಮುಖ ಸಿಕ್ಕಿದ್ರೆ ಮುಖವಿಲ್ಲದ ಚಿತ್ರ ಬರೆಯೋದು ನಿಲ್ಲುತ್ತೆ, ನಿನ್ನ ವ್ಯಾಪಾರ ಮುಳುಗುತ್ತೆ, ಫಾಲ್ಕ್."

"ನಿಜವೇ. ಆದ್ರೆ ನಿನ್ನೆಯಿಂದ ಜೆರುಸಲೇಮ್‌ನಲ್ಲಿ ಹಲ್ಲು ಕೀಳಿಸ್ಕೊಂಡು ಬಿದ್ದಿದ್ದೆ. ಅನುಮಾನ ಇದ್ರೆ ಬಾಯೊಳಗೆ ಕೈ ಹಾಕಿ ನೋಡು."

ಹಸ್ದಾಯ್ ದಂತವೈದ್ಯನಿಗೆ ಫೋನ್ ಮಾಡಿದ. ಮಾತು ನಿಜವಾಗಿತ್ತು.

* * *

"ಬಾರೋ, ಸೊರಗಿ ಹೋಗಿದ್ದೀಯ. ಕಳ್ಳರು ಊಟಕ್ಕೂ ಬಿಡಲ್ವಾ?" ಸುಲ್ತಾನಾ ಚೀಸ್ ತುಂಬಿದ ಬಿಸಿ ಬುರೇಕಾ ತಂದಿಟ್ಟಳು. ಅನಾಥ ಮಕ್ಕಳ ಹಡಗು ಜಾಫಾಕ್ಕೆ ಬಂದಾಗ ರೆಜೀನಳನ್ನು ಮನೆಗೆ ಕರೆತಂದು ಸಾಕಿದವಳು ಇವಳೇ.

ಹಸ್ದಾಯ್ ತಿನ್ನಲಿಲ್ಲ. ಕಪಾಟಿನ ಮೇಲೆ, ನಡುಹಗಲಲ್ಲಿ, ಗಾಜಿನ ಲೋಟದೊಳಗೆ ಮೇಣದ ದೀಪ ಉರಿಯುತ್ತಿತ್ತು. ಯೆಹೂದ್ಯರು ಪ್ರತಿ ವರ್ಷ ತೀರಿಕೊಂಡವರ ದಿನ ಹಚ್ಚುವ ದೀಪ. ತುಟಿಯಲ್ಲೇ ಒಂದು ಕೀರ್ತನೆ ಹೇಳಿಕೊಂಡು ಅವನು ಕೇಳಿದ:

"ಯಾರ ದಿನ ಅಜ್ಜಿ? ನಿನ್ನ ಗಂಡನದು ಚಳಿಗಾಲದಲ್ಲಿ. ಅಪ್ಪ ಅಮ್ಮಂದು ವಸಂತದಲ್ಲಿ. ಪ್ರಾರ್ಥನೆಗೆ ಹತ್ತು ಜನ ಬೇಕು ಅಂತ ಪ್ರತಿ ವರ್ಷ ನನ್ನ ಕರೀತೀಯ. ಈಗ ಬೇಸಿಗೆ. ಈ ಮನೇಲಿ ಬೇಸಿಗೆಯಲ್ಲಿ ಯಾರೂ ಸತ್ತಿಲ್ಲ."

ಸುಲ್ತಾನಾ ಕುಳಿತಳು.

"ಇದು ರೆಜೀನಳ ತಾಯಿಯ ದಿನ. ಅದು ಲಕೋಟೆಯೊಳಗಿನ ಕಾಗದದಲ್ಲಿತ್ತು. ಬೆಲ್ಜಿಯಂನವರ ಫ್ರೆಂಚ್ ನಿನಗೆ ಓದೋಕೆ ಬರುತ್ತೆ. ಅಂಚೆಯವನ ಮೇಲೆ ಅನುಮಾನ ಬರಲಿ ಅಂತ ಲಕೋಟೆ ಅಲ್ಲೇ ಬಿಟ್ಟೆ. ಅಲ್ವಾ?"

"ಹೆತ್ತವಳ ಮುಖ ನೋಡಿದ್ರೆ ನಾನ್ಯಾರು ಅವಳಿಗೆ? ಸುಟ್ಟುಬಿಡೋಣ ಅಂದ್ಕೊಂಡೆ. ದಿನ ನೋಡಿದ್ರೆ ಇವತ್ತೇ. ಪಾಪ, ಇಷ್ಟು ವರ್ಷ ಆಕೆಗೆ ಯಾರೂ ದೀಪ ಹಚ್ಚಿಲ್ಲ ಕಣೋ. ಸುಡೋಕೆ ಕೈ ಬರಲಿಲ್ಲ."

ಮೆಟ್ಟಿಲಿಳಿದು ಬಂದ ರೆಜೀನ್ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸುಲ್ತಾನಾ ಅಂಗಿಯೊಳಗಿಂದ ಫೋಟೊ ತೆಗೆದು, ಮುಖ ಕೆಳಗೆ ಮಾಡಿ ಚಾಚಿದಳು.

"ನೋಡೋಕೆ ಮುಂಚೆ ಒಂದೇ ಒಂದು ಸಲ ನನ್ನನ್ನ ಅಮ್ಮ ಅನ್ನು, ಮಗಳೇ."

ರೆಜೀನ್ ಫೋಟೊ ತೆಗೆದುಕೊಂಡಳು. ತಿರುಗಿಸಲಿಲ್ಲ.

"ಆ ರೈತನ ಹೆಂಡತೀನ ಸುಳ್ಳುಸುಳ್ಳೇ ಅಮ್ಮ ಅಂತ ಕರೆದೇ ನಾನು ಜೀವ ಉಳಿಸ್ಕೊಂಡಿದ್ದು. ಇನ್ನು ಯಾರನ್ನೂ ಹಾಗೆ ಕರೆಯಲ್ಲ, ಸುಲ್ತಾನಾ. ನಿನ್ನನ್ನೂ."