ದರ್ಜಿಯ ಬೋರ್ಡಿನ ಕೊನೆಯ ಸಾಲು

"ಮತ್ತೆ ತಪ್ಪು," ಅಂದಳು. ಏಣಿಯ ಕೆಳಗೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಕಿವಿಯ ಮೇಲೆ ಸಿಕ್ಕಿಸಿಕೊಂಡ ಪೆನ್ಸಿಲ್ಲು ಅವಳ ಸಿಟ್ಟಿಗೆ ಅಲ್ಲಾಡುತ್ತಿದ್ದದ್ದು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ನಾನು ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದೆ. ಅವಳು ಪಕ್ಕದ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುತ್ತಿದ್ದಳು. ಇಂಗ್ಲಿಷಿನಲ್ಲಿ ಅಪಾಸ್ಟ್ರಫಿ ಅಂತ ಒಂದು ಗುರುತಿದೆ, ಅಕ್ಷರದ ತಲೆಯ ಪಕ್ಕ ನೇತಾಡುವ ಬಾಲದ ಚುಕ್ಕೆ. ಅದು ನನ್ನ ಜೀವ ಹಿಂಡಿತ್ತು.

"ನಿನ್ನೆ ಹಾಕಿ ಅಂದ್ರಿ, ಹಾಕ್ದೆ."

"ಅದು ಬೇಕರಿ ಯಜಮಾನರ ಹೆಸರಿಗೆ, ಅಂಗಡಿ ಅವರದ್ದು ಅಂತ ತೋರಿಸೋಕೆ. ಬನ್ನಿಗೂ ಕೇಕಿಗೂ ಯಾಕೆ ಹಾಕಿದ್ರಿ? ಬನ್ನಿನ ಹೆಸರಲ್ಲಿ ಆಸ್ತಿ ಇದೆಯಾ?"

"ಸಾಲು ಚೆನ್ನಾಗಿ ಕಾಣ್ಲಿ ಅಂತ."

"ಮುತ್ತಿನ ಸರ ಪೋಣಿಸ್ತಿದೀರಾ?"

ನಿಜ ಹೇಳುವ ಧೈರ್ಯ ನನಗಿರಲಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಇಂಗ್ಲಿಷ್ ಅಕ್ಷರಗಳು ನನಗೆ ಬರೀ ಚಿತ್ರ. ಓದಲು ಬಾರದೆಂದು ತಿಳಿದರೆ ಅವಳು ಈ ಏಣಿಯ ಹತ್ತಿರ ಸುಳಿಯುವುದನ್ನೇ ಬಿಟ್ಟಾಳೆಂಬ ಭಯ. ಅವಳು ಬಯ್ಯದ ದಿನ ಬ್ರಷ್ ಹಿಡಿಯಲು ಮನಸ್ಸೇ ಬರುತ್ತಿರಲಿಲ್ಲ.

ಆಮೇಲೆ ಅವಳೇ ಪ್ರತಿ ಬೋರ್ಡಿನ ಒಕ್ಕಣೆಯನ್ನೂ ಚೀಟಿಯಲ್ಲಿ ಬರೆದು ಕೊಡತೊಡಗಿದಳು. ನಾನು ಚೀಟಿಯನ್ನು ಮೊಳೆಗೆ ಚುಚ್ಚಿ, ಎದುರಿಗೆ ಕಂಡದ್ದನ್ನು ಕಂಡ ಹಾಗೆ ಇಳಿಸುತ್ತಿದ್ದೆ. ತಪ್ಪು ನಿಂತಿತು. ಸಿಟ್ಟು ಮಾತ್ರ ವಾರದಿಂದ ವಾರಕ್ಕೆ ಏರಿತು. ಚೀಟಿ ಕೊಟ್ಟು ನನ್ನ ಮುಖವನ್ನೇ ನೋಡುವಳು. ಮರುದಿನ ಬಂದು ಮತ್ತೆ ನೋಡುವಳು. ಏನಾಯಿತೆಂದು ಕೇಳಿದರೆ, "ಎಲ್ಲಾ ಸರಿಯಾಗೇ ಇದೆ" ಎಂದು ಪ್ರೆಸ್ಸಿನ ಬಾಗಿಲನ್ನು ದಡಾರನೆ ಹಾಕಿಕೊಳ್ಳುವಳು. ಸರಿಯಾಗಿ ಬರೆದರೂ ಸಿಟ್ಟೆಂದರೆ ಮನುಷ್ಯ ಏನು ಮಾಡಬೇಕು?

ದರ್ಜಿಯ ಬೋರ್ಡು ಏರಿಸಿದ ಬೆಳಿಗ್ಗೆ ಅವನೇ ಓಡಿ ಬಂದ.

"ಏನಯ್ಯಾ, ಆ ಕೊನೇ ಸಾಲು ಯಾರು ಬರೆಯೋಕೆ ಹೇಳಿದ್ದು? 'ನಿಮಗೋಸ್ಕರ ಇನ್ನೂ ಎಷ್ಟು ದಿನ ಕಾಯೋದು' ಅಂತ ಇಂಗ್ಲಿಷಲ್ಲಿ ಬರೆದಿದೀಯಲ್ಲ. ಮೊದಲೇ ಬಟ್ಟೆ ತಡ ಮಾಡ್ತೀನಿ ಅಂತ ಜನ ಬೈತಾರೆ."

ಅವಳ ಚೀಟಿಯ ಅಡಿಯಲ್ಲಿದ್ದ ಸಾಲು ಅದು. ಚೆನ್ನಾಗಿ ಕಾಣಲೆಂದು ಕೆಂಪು ಬಣ್ಣ ಬೇರೆ ಕೊಟ್ಟಿದ್ದೆ.

ತಿರುಗಿ ನೋಡಿದರೆ ಅವಳು ರಸ್ತೆಯಲ್ಲೇ ನಿಂತಿದ್ದಳು.

"ಊರಿಗೆಲ್ಲ ತೋರಿಸಬೇಕಿತ್ತಾ? ಇಷ್ಟ ಇಲ್ಲ ಅಂತ ನನ್ನ ಹತ್ರಾನೇ ಹೇಳಬಹುದಿತ್ತು."

ಸರಸರನೆ ಪ್ರೆಸ್ಸಿನೊಳಗೆ ಹೋದಳು. ನಾನೂ ಹಿಂದೆಯೇ ಹೋದೆ. ಇನ್ನು ಮುಚ್ಚಿಟ್ಟರೆ ಅವಳನ್ನೇ ಕಳೆದುಕೊಳ್ಳುತ್ತೇನೆಂದು ಗೊತ್ತಾಗಿತ್ತು.

"ನನಗೆ ಇಂಗ್ಲಿಷ್ ಓದೋಕೆ ಬರಲ್ಲ."

"ದಿನಾ ಬರೀತೀರಿ."

"ಬರೆಯೋಕೆ ಬರುತ್ತೆ. ಓದೋಕೆ ಬರಲ್ಲ."

ಅವಳು ಸ್ಟೂಲಿನ ಮೇಲೆ ಕುಸಿದಳು. "ಹಾಗಾದ್ರೆ ಚೀಟಿಗಳ ಹಿಂದೆ ಬರೆದಿದ್ದು?"

"ಹಿಂದೆಯೂ ಬರೆದಿದ್ರಾ?"

"ಹನ್ನೊಂದು ಚೀಟಿ. ಉತ್ತರ ಬರ್ಲಿಲ್ಲ ಅಂತಾನೇ ಈ ಸಲ ಮುಂದೆ ಬರೆದೆ." ಹಣೆ ಒತ್ತಿಕೊಂಡಳು. "ಮೊದಲೇ ಹೇಳೋಕೇನಾಗಿತ್ತು ನಿಮಗೆ?"

"ಹೇಳಿದ್ರೆ ಬೋರ್ಡ್ ನೋಡೋಕೆ ಬರಲ್ವೇನೋ ಅಂತ."

"ನಾನೇನು ಬೋರ್ಡ್ ನೋಡೋಕೆ ಬರ್ತಿದ್ನಾ?"

ಆ ಮಾತು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ಏನಿತ್ತು ಆ ಹನ್ನೊಂದರಲ್ಲಿ?"

"ಈಗ ಹೇಳಲ್ಲ. ಮೈಯೆಲ್ಲ ಉರೀತಿದೆ." ಪ್ರೂಫಿನ ಹಾಳೆಯ ಮೇಲೆ ತಲೆ ಬಗ್ಗಿಸಿದಳು. "ಸಂಜೆ ಮನೆಗೆ ಬಂದು ಅಪ್ಪನ ಹತ್ರ ಹೆಣ್ಣು ಕೇಳಿ. ಬಾಯಲ್ಲೇ ಕೇಳಿ."

"ಇವತ್ತೇನಾ?"

"ಮೂಗಿನ ಮೇಲೆ ಬಣ್ಣ ಇದೆ, ಮೊದಲು ಒರೆಸ್ಕೊಳ್ಳಿ," ಎಂದು ತನ್ನ ಕರ್ಚೀಫು ಎಸೆದಳು.

ಒರೆಸಿಕೊಂಡೆ. ಬಣ್ಣ ಕೆನ್ನೆಗೂ ಹರಡಿತು. ಅವಳು ಉಸ್ಸೆಂದು ಎದ್ದು ಬಂದು, ಕರ್ಚೀಫು ಕಿತ್ತುಕೊಂಡು ತಾನೇ ಒರೆಸಿದಳು, ನೋಯುವಷ್ಟು ಒತ್ತಿ.